ಕ್ಲಚ್ ಹಿಡಿದರೆ ನಿಲ್ಲುವ ಸದ್ದು

ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತನಾಡುತ್ತಿದ್ದರು. ಉಪ್ಪು ಕೊಡು ಅನ್ನುವುದಕ್ಕೂ ಕೂಗು, ದೀಪ ಹಚ್ಚು ಅನ್ನುವುದಕ್ಕೂ ಕೂಗು. ಎರ್ಮಾಳಿನ ಆ ಮನೆ ಕಡಲಿಗೆ ತೀರ ಹತ್ತಿರವಿದ್ದುದರಿಂದ ಬಂದವರು ಇದು ಅಲೆಗಳ ಅಬ್ಬರದಿಂದ ಬಂದ ಅಭ್ಯಾಸ ಎಂದುಕೊಳ್ಳುತ್ತಿದ್ದರು. ಕಾರಣ ಅದಲ್ಲ. ಅಮ್ಮನ ಅಣ್ಣ, ಮನೆಯ ಯಜಮಾನರಾಗಿದ್ದ ನನ್ನ ಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ಮಲ್ಪೆಯ ಬೋಟುಗಳಲ್ಲಿ ವರ್ಷಗಟ್ಟಲೆ ಡೀಸೆಲ್ ಇಂಜಿನ್ನಿನ ಪಕ್ಕದಲ್ಲೇ ಕುಳಿತು, ಅಲ್ಲೇ ಉಂಡು, ಅಲ್ಲೇ ಮಲಗಿ ಬಂದವರು ಅವರು. ಆದರೆ ಅವರಿಗೆ ಕೇಳುವುದಿಲ್ಲ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ಕಿವಿ ಎಂಬ ಶಬ್ದವೇ ನಮ್ಮಲ್ಲಿ ವರ್ಜ್ಯ. ನನಗೆ ಕಿವಿನೋವು ಬಂದಾಗಲೂ ಅಮ್ಮ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋಗಿ ಕಳ್ಳತನದಲ್ಲಿ ಬೆಚ್ಚಗಿನ ಎಣ್ಣೆ ಬಿಡುತ್ತಿದ್ದಳು. ಮಾವ ಯಾವತ್ತೂ ‘ಆಂ?’ ಎಂದು ಮತ್ತೆ ಕೇಳಿದವರಲ್ಲ. ಕೇಳಿಸದಿದ್ದರೆ ಸಿಟ್ಟಾಗುತ್ತಿದ್ದರು. ಹಾಗಾಗಿ ನಾವೆಲ್ಲ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಆದರೆ ಅವರಿಗಾಗಿ ಗಟ್ಟಿ ಮಾಡಿದ್ದಲ್ಲ ಎನ್ನುವ ಹಾಗೆ ಮಾತನಾಡುವುದನ್ನು ಕಲಿತಿದ್ದೆವು. ಅಂಥ ಮನೆಯಲ್ಲಿ ಬೆಳೆದ ಮಗುವಿಗೆ ಎಲ್ಲರ ಮುಖ ನೋಡುತ್ತಲೇ ಇರುವ ಚಟ ಹತ್ತುತ್ತದೆ. ಇವತ್ತಿಗೂ ನನಗೆ ಒಂದು ಕಡೆ ನೆಮ್ಮದಿಯಾಗಿ ಕೂರಲು ಬರುವುದಿಲ್ಲ. ಯಾರದೋ ಮನೆಗೆ ಊಟಕ್ಕೆ ಹೋದರೆ ಫ್ಯಾನಿನ ಸದ್ದು ಕೇಳಿ, ‘ಇದರ ಬೇರಿಂಗ್ ಹೋಗಿದೆ’ ಎಂದು ಹೇಳಿಬಿಡುತ್ತೇನೆ. ಮಾತು ನಿಂತುಹೋಗುತ್ತದೆ.

ಮನೆಯ ಚಾವಡಿಯಲ್ಲಿ ಒಂದು ಹಳೆಯ ಬೈಕು ನಿಲ್ಲುತ್ತಿತ್ತು. ಮಾವ ಬೋಟಿನ ದುಡಿಮೆಯಲ್ಲಿ ತಂದದ್ದು. ಆಗಲೇ ಬೇರೆಯವರು ಓಡಿಸಿ ಬಿಟ್ಟದ್ದು. ಕಡಲ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲವೆಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿಗೆ ಹಲಗೆ ಇಟ್ಟು ಅದನ್ನು ಒಳಗೆ ತಳ್ಳುತ್ತಿದ್ದೆವು. ಮಾವ ಹಳೆಯ ಪಂಚೆಯ ತುಂಡಿನಿಂದ ಟ್ಯಾಂಕು ಒರೆಸುತ್ತಿದ್ದರು. ಅಜ್ಜಿ ದೇವರಿಗೆ ತೋರಿಸಿದ ಊದುಬತ್ತಿಯನ್ನು ಒಮ್ಮೊಮ್ಮೆ ಅದರ ಹ್ಯಾಂಡಲ್ಲಿಗೂ ತೋರಿಸುತ್ತಿದ್ದಳು. ರಾತ್ರಿ ಬೈಕು ಒಳಗೆ ಚಾವಡಿಯಲ್ಲಿ, ನನ್ನ ಅಪ್ಪ ಹೊರಗೆ ಜಗಲಿಯಲ್ಲಿ. ನಮ್ಮವರಲ್ಲಿ ಮನೆ ಹೆಣ್ಣುಮಕ್ಕಳದ್ದು. ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ, ಅದು ಮುಚ್ಚಿದ ಮೇಲೆ ಹೆಂಡತಿಯ ಮನೆಗೆ ಬಂದು ನಿಂತವರು. ಈಜು ಬಾರದವರು, ಅಲೆ ಕಂಡರೆ ಹಿಂದೆ ಸರಿಯುವವರು. ಮಾವ ಮೊದಲು ಉಣ್ಣುತ್ತಿದ್ದರು. ಮೀನಿನ ತಲೆ ಅವರ ಬಟ್ಟಲಿಗೆ ಹೋಗುತ್ತಿತ್ತು. ಅಪ್ಪ ಕೊನೆಯಲ್ಲಿ ಬಂದು ಗಂಜಿ ಕುಡಿದು, ಬಾಯಿ ಒರೆಸುವ ಮೊದಲೇ ಎದ್ದು ಹೋಗುತ್ತಿದ್ದರು. ಅವರು ಚಕ್ಕಳಮಕ್ಕಳ ಹಾಕಿ ಕುಳಿತದ್ದನ್ನು ನಾನು ಆ ಮನೆಯಲ್ಲಿ ಕಂಡ ನೆನಪಿಲ್ಲ. ಒಂದು ಕಾಲು ಯಾವಾಗಲೂ ಮಡಚಿ, ಏಳಲು ಸಿದ್ಧವಾಗಿಯೇ ಇರುತ್ತಿತ್ತು.

ಮಾವ ಬೈಕು ಓಡಿಸುವುದನ್ನು ಬಿಟ್ಟದ್ದು ಪಡುಬಿದ್ರಿಯ ಹತ್ತಿರ ಹಿಂದಿನಿಂದ ಬಂದ ಲಾರಿಯ ಹಾರನ್ ಕೇಳಿಸದೆ ಚರಂಡಿಗೆ ಹೋದ ಮೇಲೆ. ಮನೆಯಲ್ಲಿ ಹೇಳಿದ್ದು ಮಾತ್ರ ಮೊಣಕಾಲು ನೋವು ಎಂದು. ಹಾಗೆ ಬೈಕು ಅಪ್ಪನ ಕೈಗೆ ಬಂತು. ಬೆಳಿಗ್ಗೆ ಕಡಲ ಬದಿಯ ಏಲಂನಲ್ಲಿ ಕೂಗಿ ಮೀನು ಕೊಂಡು, ಹಿಂದೆ ಕಟ್ಟಿದ ಪೆಟ್ಟಿಗೆಗೆ ಐಸು ತುಂಬಿ, ಬೆಳ್ಮಣ್ಣು, ನಿಟ್ಟೆ, ಕಾರ್ಕಳದವರೆಗೆ ಪೋಂ ಪೋಂ ಎಂದು ರಬ್ಬರ್ ಹಾರನ್ ಒತ್ತುತ್ತ ಮಾರಿ ಬರುವುದು ಅಪ್ಪನ ಕೆಲಸ. ಮನೆ ನಡೆಯುತ್ತಿದ್ದುದು ಅದರಲ್ಲೇ. ಆದರೂ ಬೈಕು ಮಾವನದ್ದು. ಅಪ್ಪ ಹೊರಟಾಗ ಮಾವ ಅಂಗಳದ ಕೊನೆಯವರೆಗೆ ಬಂದು ನೋಡುತ್ತಿದ್ದರು. ಸಂಜೆ ಬಂದಾಗ ಮೊದಲು ಬೈಕಿನ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಅಪ್ಪ ಊಟ ಮಾಡಿದರಾ ಎಂದು ಅವರು ಕೇಳಿದ್ದಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಸದ್ದು ಶುರುವಾಯಿತು. ಮೊದಲು ದೂರದಲ್ಲಿ ಯಾರೋ ಅಕ್ಕಿ ರುಬ್ಬಿದ ಹಾಗೆ. ಆಮೇಲೆ ರುಬ್ಬುವ ಕಲ್ಲಿನೊಳಗೆ ಮರಳು ಸೇರಿದ ಹಾಗೆ. ಅಪ್ಪ ಹೆದ್ದಾರಿಯಿಂದ ನಮ್ಮ ಓಣಿಗೆ ತಿರುಗುವಾಗಲೇ ನನಗೆ ಗೊತ್ತಾಗುತ್ತಿತ್ತು. ಅಮ್ಮನೂ ಸೌಟು ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದಳು. ಅಪ್ಪ ಒಂದು ಸಂಜೆ ಮಾವನ ಮುಂದೆ ನಿಂತು ಹೇಳಿದರು:

“ಭಾವ, ಗಾಡಿಯಲ್ಲಿ ಒಂದು ಸದ್ದು ಉಂಟು. ಗೇರ್ ಬಾಕ್ಸಿನಿಂದ ಅಂತ ಕಾಣುತ್ತದೆ. ಒಮ್ಮೆ ಬಿಚ್ಚಿ ನೋಡಬೇಕು.”

“ಎಂತ ಸದ್ದು?”

“ಕ್ಲಚ್ ಹಿಡಿದರೆ ನಿಲ್ಲುತ್ತದೆ. ಬಿಟ್ಟರೆ ಬರುತ್ತದೆ.”

ಮಾವ ಬೈಕು ಚಾಲು ಮಾಡಿಸಿದರು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಅಪ್ಪ ಕ್ಲಚ್ ಹಿಡಿದರು, ಬಿಟ್ಟರು, ಹಿಡಿದರು, ಬಿಟ್ಟರು. ಸದ್ದು ಹೋಗಿ ಬರುತ್ತಿತ್ತು. ಅಜ್ಜಿಯೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾವೆಲ್ಲ ಮಾವನ ಮುಖವನ್ನು ನೋಡುತ್ತಿದ್ದೆವು. ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಎದ್ದರು.

“ನನ್ನ ಗಾಡಿಗೆ ಎಂತದೂ ಆಗಲಿಲ್ಲ. ಗೇರ್ ಹಾಕಲಿಕ್ಕೆ ಬಾರದವರಿಗೆ ಎಲ್ಲ ಸದ್ದೂ ಕೇಳುತ್ತದೆ. ಇದನ್ನು ಬಿಚ್ಚುವ ಮಾತು ಇಲ್ಲ.”

ಅಪ್ಪ ಮತ್ತೊಮ್ಮೆ ಹೇಳಿದರು, ಇನ್ನೊಂದು ದಿನ ಇನ್ನೊಮ್ಮೆ. ಪ್ರತಿಸಲ ಮಾವನ ಸಿಟ್ಟು ಏರಿತು. ಕಡೆಗೆ ಇಬ್ಬರ ನಡುವೆ ನೇರ ಮಾತೇ ನಿಂತಿತು. ‘ನಿನ್ನ ಅಪ್ಪನಿಗೆ ಹೇಳು’ ಎಂದು ಅವರು, ‘ನಿನ್ನ ಮಾವನಿಗೆ ಹೇಳು’ ಎಂದು ಇವರು. ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಜಗಲಿಗೆ ನಾನು ಓಡುತ್ತಿದ್ದೆ. ದಾರಿಯಲ್ಲಿ ಮಾತಿನ ಮೊನೆ ಮುರಿದು ತಲುಪಿಸುವುದನ್ನೂ ಕಲಿತೆ. ‘ಆ ದಡ್ಡನಿಗೆ ಹೇಳು, ಚೈನಿಗೆ ಎಣ್ಣೆ ಹಾಕಲಿ’ ಎಂದರೆ, ‘ಚೈನಿಗೆ ಎಣ್ಣೆ ಹಾಕಬೇಕಂತೆ ಅಪ್ಪ’ ಎನ್ನುತ್ತಿದ್ದೆ. ಅಮ್ಮ ಮಾತ್ರ ಯಾರಿಗೂ ಏನೂ ಹೇಳಿ ಕಳಿಸಲಿಲ್ಲ. ಅವಳು ಅಡುಗೆಮನೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಒಣಮೀನಿನ ಚಾಪೆಗೆ ಸುಮ್ಮನೆ ಓಡಾಡುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ರಜೆ ಸಿಕ್ಕಿದಾಗ ಅಪ್ಪ ನನ್ನನ್ನು ಕಾರ್ಕಳದ ತಮ್ಮ ತಾಯಿಯ ಮನೆಗೆ ಬಿಡಲು ಹೊರಟರು. ಹಿಂದೆ ಮೀನಿನ ಪೆಟ್ಟಿಗೆ ಇದ್ದುದರಿಂದ ನಾನು ಮುಂದೆ ಟ್ಯಾಂಕಿನ ಮೇಲೆ. ಆ ದಿನ ಸದ್ದು ಕಿವಿಗೆ ಮಾತ್ರವಲ್ಲ, ನನ್ನ ತೊಡೆಗೂ ಬರುತ್ತಿತ್ತು. ಟ್ಯಾಂಕಿನ ಒಳಗೆ ಏನೋ ಪ್ರಾಣಿ ಗುರುಗುಟ್ಟಿದ ಹಾಗೆ. ನಾನು ಹೇಳಬೇಕೆಂದುಕೊಂಡೆ. ಅಪ್ಪನಿಗೆ ಗೊತ್ತಿರುವುದನ್ನೇ ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ. ಬೆಳ್ಮಣ್ಣು ದಾಟಿ ಒಂದು ಇಳಿಜಾರಿನಲ್ಲಿ ‘ಕಡಕ್’ ಎಂದಿತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು. ಬೈಕು ಅಡ್ಡಡ್ಡ ಜಾರಿ, ನಾವಿಬ್ಬರೂ ರಸ್ತೆ ಬದಿಯ ಕೆಂಪು ಮಣ್ಣಿಗೆ ಬಿದ್ದೆವು. ಪೆಟ್ಟಿಗೆ ಒಡೆದು ಬಂಗುಡೆಗಳು ಇಳಿಜಾರಿನುದ್ದಕ್ಕೂ ಜಾರಿಕೊಂಡು ಹೋದವು. ಹತ್ತಿರದ ಮನೆಯಿಂದ ಒಬ್ಬ ಹೆಂಗಸು ಕೊಡಪಾನ ಹಿಡಿದು ಓಡಿ ಬಂದರು. ನನ್ನ ಮೊಣಕೈಯ ಮಣ್ಣು ತೊಳೆದರು. ಆಮೇಲೆ ಅದೇ ನೀರಿನಲ್ಲಿ ಮೀನುಗಳನ್ನು ಆರಿಸಿ ತೊಳೆಯತೊಡಗಿದರು.

“ಮಗುವಿಗೆ ಎಂತದೂ ಆಗಲಿಲ್ಲ ಮಾರಾಯ್ರೆ. ನೀವು ಯಾಕೆ ಹಾಗೆ ನಿಂತಿದ್ದೀರಿ?” ಎಂದು ಅವರು ಅಪ್ಪನಿಗೆ ಹೇಳಿದರು.

ಅಪ್ಪ ನನ್ನ ಕೈಕಾಲು ಮುಟ್ಟಿ ನೋಡಿದ್ದರು. ಈಗ ಬೈಕಿನ ಹಿಂದಿನ ಚಕ್ರವನ್ನು ತಳ್ಳಿ ನೋಡುತ್ತಿದ್ದರು. ಅದು ತಿರುಗಲಿಲ್ಲ. ಅವರ ಗಲ್ಲ ತರಚಿ ರಕ್ತ ಬರುತ್ತಿತ್ತು. ಆದರೂ ಆ ಮುಖದಲ್ಲಿ ಹೆದರಿಕೆಯ ಕೆಳಗೆ ಇನ್ನೊಂದು ಭಾವವಿತ್ತು. ಅಲ್ಲಿಯವರೆಗೆ ಅವರ ಮುಖದಲ್ಲಿ ಅದನ್ನು ನಾನು ಕಂಡಿರಲಿಲ್ಲ. ಅದು ಗೆದ್ದವನ ಮುಖ.

ಒಂದು ಟೆಂಪೋದಲ್ಲಿ ಬೈಕನ್ನೂ ನಮ್ಮನ್ನೂ ಮನೆಗೆ ತಂದು ಇಳಿಸಿದರು. ಅಮ್ಮ ನನ್ನ ಮೊಣಕೈ ನೋಡಿದಳು, ಮೊಣಕಾಲು ನೋಡಿದಳು, ತಲೆಗೂದಲಿನೊಳಗೆ ಬೆರಳಾಡಿಸಿ ಗಾಯ ಹುಡುಕಿದಳು. ಮಾವ ಬೈಕಿನ ಸುತ್ತ ಒಂದು ಸುತ್ತು ಹಾಕಿ ಬಂದು, “ಬ್ರೇಕು ಹಿಡಿಯಲಿಕ್ಕೆ ಬಾರದವರು ಮಗುವನ್ನು ಕೂರಿಸಿಕೊಂಡು ಹೋಗಬಾರದು” ಎಂದರು. ನನಗೆ ಹೇಳುವ ಹಾಗೆ, ಅಪ್ಪನಿಗೆ ತಲುಪುವ ಹಾಗೆ. ಅಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಎದ್ದು ಅಣ್ಣನ ಎದುರು ನಿಂತಳು. ಅವಳು ಕೂಗಲಿಲ್ಲ. ಆ ಮನೆಯಲ್ಲಿ ಯಾರೂ ಎಂದೂ ಆಡದಷ್ಟು ಮೆಲ್ಲನೆಯ ದನಿಯಲ್ಲಿ ಹೇಳಿದಳು:

“ಅಣ್ಣಾ, ನಿನಗೆ ಕಿವಿ ಕೇಳುವುದಿಲ್ಲ.”

ಅಷ್ಟು ಮೆಲ್ಲಗೆ ಆಡಿದ್ದು ಮಾವನಿಗೆ ತಿಳಿಯಿತು. ತುಟಿ ನೋಡಿ ತಿಳಿಯಿತೋ, ನಮ್ಮೆಲ್ಲರ ಮುಖ ನೋಡಿಯೋ ಗೊತ್ತಿಲ್ಲ. ಅಜ್ಜಿ “ಗಿರಿಜಾ!” ಎಂದು ಕೂಗಿದಳು. ಮಾವ ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ಹಿತ್ತಲ ದಾರಿಯಿಂದ ಕಡಲ ಕಡೆಗೆ ಹೊರಟುಹೋದರು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಕೂಗಲಿಲ್ಲ. ಕೂಗಲು ಕಾರಣವೇ ಇರಲಿಲ್ಲ, ಯಾರೂ ಮಾತನಾಡಲಿಲ್ಲ. ಅಲೆಗಳ ಸದ್ದು ಅಷ್ಟು ಜೋರು ಎಂದು ನನಗೆ ಅಂದೇ ತಿಳಿದದ್ದು.

ಮರುದಿನ ಬೆಳಿಗ್ಗೆ ಅಮ್ಮ ಅಟ್ಟದಿಂದ ಅಜ್ಜಿಯ ಹಳೆಯ ಮೀನು ಬುಟ್ಟಿ ಇಳಿಸಿ ತೊಳೆದಳು. ಬೈಕು ನಿಂತರೆ ಒಲೆ ನಿಲ್ಲುವುದಿಲ್ಲ, ತಾನು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಮಾರಿ ಬರುತ್ತೇನೆ ಎಂದಳು. ಅಲ್ಲಿ ಆಸ್ಪತ್ರೆಯವರ, ಕಾಲೇಜಿನವರ ಮನೆಗಳು ಸಾಲುಸಾಲು ಇವೆ, ದಿನಾ ಮೀನು ಬೇಕಾದವರು ಬೇಕಾದಷ್ಟು ಜನ ಇದ್ದಾರೆ ಎಂದು ಏಲಂನಲ್ಲಿ ಯಾರೋ ಹೇಳಿದ್ದರಂತೆ. ಅಪ್ಪ, “ನಾನು ಬಸ್ಸಿನಲ್ಲಿ ಹೋಗುತ್ತೇನೆ” ಎಂದರು. “ಬುಟ್ಟಿ ಹಿಡಿದ ಗಂಡಸಿಗೆ ಹೆಂಗಸರು ಬಾಗಿಲು ತೆರೆಯುವುದಿಲ್ಲ” ಎಂದು ಅಮ್ಮ ಹೊರಟೇಬಿಟ್ಟಳು. ಮದುವೆಯ ನಂತರ ಉಡುಪಿಯ ತೇರಿಗೂ ಒಬ್ಬಳೇ ಹೋಗದವಳು.

ಹಗಲು ಮನೆಯಲ್ಲಿ ಕೆಲಸವಿಲ್ಲದ ಇಬ್ಬರು ಗಂಡಸರು ಉಳಿದರು. ಅಪ್ಪ ಬಾವಿಯ ಹಗ್ಗ ಬದಲಿಸಿದರು, ತುರಿಮಣೆಯ ಹಲ್ಲು ಹರಿತ ಮಾಡಿದರು, ಬೇಡದ ಬೇಲಿ ಕಟ್ಟಿ ಮತ್ತೆ ಬಿಚ್ಚಿದರು. ಮಾವ ಕಾಪುವಿನ ದೀಪಸ್ತಂಭದ ದಿಕ್ಕಿಗೆ ಮರಳಿನಲ್ಲಿ ನಡೆದು ಹೋಗಿ, ಹೋದ ದಾರಿಯಲ್ಲೇ ವಾಪಸು ಬರುತ್ತಿದ್ದರು. ಚಾವಡಿಯಲ್ಲಿ ಬೈಕು ಹಾಗೆಯೇ ನಿಂತಿತ್ತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ನನ್ನ ಕಾಲುಗಳಿಗೂ ಆ ಚಡಪಡಿಕೆ ಇಳಿದಿತ್ತು. ಒಂದು ಅಕ್ಷರ ಓದಲಾಗದೆ ಇಬ್ಬರ ನಡುವೆ ಸುತ್ತುತ್ತಿದ್ದೆ.

ಒಂದು ಮಧ್ಯಾಹ್ನ ಮಾವ ನನ್ನನ್ನು ಕರೆದರು. ಅವರ ಕೈಯಲ್ಲಿ ಮರದ ಹಿಡಿಯ ಉದ್ದನೆಯ ಸ್ಕ್ರೂ ಡ್ರೈವರ್ ಇತ್ತು. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಚಾಲು ಮಾಡಿದ್ದರು. ಸ್ಕ್ರೂ ಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ತಮ್ಮ ಕಿವಿಗೆ ಹಚ್ಚಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಹಿಡಿಯನ್ನು ಬಾಯಿಗಿಟ್ಟು ಹಲ್ಲಿನಲ್ಲಿ ಕಚ್ಚಿದರು. ಕಣ್ಣು ಮುಚ್ಚಿದರು. ಕ್ಲಚ್ ಹಿಡಿ ಎಂದು ಕೈಸನ್ನೆ ಮಾಡಿದರು. ನಾನು ಎರಡೂ ಕೈಯಲ್ಲಿ ಎಳೆದು ಹಿಡಿದೆ. ಬಿಡು ಎಂದಾಗ ಬಿಟ್ಟೆ. ಬಿಟ್ಟೊಡನೆ ಅವರ ಹುಬ್ಬು ಏರಿತು.

“ಹಲ್ಲಿಗೆ ಗೊತ್ತಾಗುತ್ತದೆ. ಬೋಟಿನಲ್ಲೂ ನಾನು ಹೀಗೇ ನೋಡುತ್ತಿದ್ದದ್ದು” ಎಂದರು. ಆಮೇಲೆ ಸ್ಕ್ರೂ ಡ್ರೈವರನ್ನು ನನಗೆ ಕೊಟ್ಟರು.

“ಸದ್ದು ಉಂಟು ಅಂತ ಗೊತ್ತಾಯಿತು. ಎಲ್ಲಿ ಅಂತ ಹಲ್ಲಿಗೆ ಗೊತ್ತಾಗುವುದಿಲ್ಲ. ನನಗೆ ಕೇಳುವುದಿಲ್ಲ ಸುಮಾ. ನೀನು ಕೇಳಿ ಹೇಳು.”

ಮರದ ಹಿಡಿಯನ್ನು ಕಿವಿಗೆ ಇಟ್ಟಾಗ ಲೋಹದೊಳಗೆ ಒಂದು ಊರೇ ಇದ್ದಂತೆ ಕೇಳಿತು. ಅಲ್ಲಿ ಇಲ್ಲಿ ಮುಟ್ಟಿಸುತ್ತ ಹೋದೆ. ಕ್ಲಚ್ಚಿನ ಎದುರು ಬದಿಯ ಮೂಲೆಯಲ್ಲಿ ಗರಗರ ಹೆಚ್ಚಿತ್ತು. ಮಾವ ಇಂಜಿನ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದರು. ಅಂದು ಸಿಕ್ಕಿಕೊಂಡಿದ್ದ ಚಕ್ರ ಈಗ ಬಲ ಹಾಕಿದ ಮೇಲೆ ತಡೆತಡೆದು ತಿರುಗಿತು. ಈಗ ಸದ್ದು ಇನ್ನೊಂದು ಕಡೆ, ಚೈನು ಸುತ್ತುವ ಹಲ್ಲುಚಕ್ರದ ಹಿಂದೆ, ಒಣ ಸಿಪ್ಪೆ ತುಳಿದ ಹಾಗೆ.

“ಎರಡು ಕಡೆ ಮಾವ!” ಎಂದು ಕೂಗಿದೆ. “ಇಲ್ಲಿ ಸಣ್ಣದು, ಅಲ್ಲಿ ದೊಡ್ಡದು!”

ಜಗಲಿಯಲ್ಲಿದ್ದ ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಮಾವ ಅವರ ಕಡೆ ತಿರುಗಿದರು. ಅವರಿಬ್ಬರ ನಡುವೆ ಓಡಲು ನಾನು ಎದ್ದು ನಿಂತೆ. ಬೇಕಾಗಲಿಲ್ಲ.

“ಸಂಜೀವ, ದೊಡ್ಡ ಸ್ಪ್ಯಾನರ್ ತಾ” ಎಂದರು ಮಾವ.

ಆ ಹಳೆಯ ಬೈಕಿನಲ್ಲಿ ಗೇರ್ ಬಾಕ್ಸ್ ಇಂಜಿನ್ನಿನಿಂದ ಬೇರೆಯಾಗಿಯೇ ಇತ್ತು, ಬಿಚ್ಚಿ ಹೊರತೆಗೆಯಬಹುದಿತ್ತು. ಎಣ್ಣೆ ಇಳಿಸಿದಾಗ ಅದು ಕಪ್ಪಾಗಿರಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ ಎಂದರು ಅಪ್ಪ. ಬಟ್ಟಲಿನ ತಳದಲ್ಲಿ ಸಣ್ಣ ಸಣ್ಣ ಲೋಹದ ಚೂರುಗಳು ಮೀನಿನ ಪರೆಯಂತೆ ಮಿನುಗಿದವು. ಹಲ್ಲುಚಕ್ರದ ಹಿಂದಿನ ದೊಡ್ಡ ಬೇರಿಂಗ್ ಪೂರ್ತಿ ಹೋಗಿತ್ತು. ಗುಂಡುಗಳನ್ನು ಹಿಡಿದಿಡುವ ಬಳೆ ಒಡೆದು, ಒಂದು ಗುಂಡು ಅಡ್ಡ ಸಿಕ್ಕಿಕೊಂಡೇ ಚಕ್ರ ನಿಂತದ್ದು. ಗುಂಡುಗಳ ಮೇಲೆಲ್ಲ ಸಿಡುಬಿನ ಕಲೆಯಂಥ ತುಕ್ಕು. ಮೀನಿನ ಪೆಟ್ಟಿಗೆಯಿಂದ ದಿನಾ ತೊಟ್ಟಿಕ್ಕುತ್ತಿದ್ದ ಐಸಿನ ನೀರು ನೇರ ಬೀಳುತ್ತಿದ್ದದ್ದು ಅಲ್ಲಿಗೇ. ಅಪ್ಪ ತಲೆ ತಗ್ಗಿಸಿದರು. ಮಾವ ಒಂದು ಗುಂಡನ್ನು ಅಂಗೈಯಲ್ಲಿ ಉರುಳಿಸಿ, “ಉಪ್ಪು” ಎಂದರು ಅಷ್ಟೆ. ಇನ್ನೊಂದು ಬದಿಯ ಸಣ್ಣ ಬೇರಿಂಗಿಗೆ ತುಕ್ಕಿರಲಿಲ್ಲ. ಅದು ಸುಮ್ಮನೆ ಸವೆದಿತ್ತು, ಬೆರಳಲ್ಲಿ ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಅದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ.

ಚಾವಡಿಯ ತುಂಬ ಹಳೆಯ ಟಾರ್ಪಾಲು ಹಾಸಿ, ಗೇರುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟರು. ಯಾರೂ ಕತ್ತಲಲ್ಲಿ ತುಳಿಯಬಾರದೆಂದು ಅಪ್ಪ ಅವುಗಳ ಪಕ್ಕದಲ್ಲೇ ಚಾಪೆ ಹಾಸಿದರು. ಆಮೇಲೆ ಅವರು ಜಗಲಿಗೆ ಮಲಗಲು ಹೋಗಲಿಲ್ಲ. ಯಾರೂ ಹೋಗು ಎನ್ನಲಿಲ್ಲ. ಅಪ್ಪ ಮತ್ತು ನಾನು ಹಳೆಯ ಬೇರಿಂಗುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಉಡುಪಿಗೆ ಹೋಗಿ, ಅಂಚಿನಲ್ಲಿ ಕೊರೆದ ನಂಬರು ತೋರಿಸಿ ಹೊಸದನ್ನು ತಂದೆವು. ಎಣ್ಣೆ ತಡೆಯುವ ಹೊಸ ಸೀಲನ್ನೂ ತಂದೆವು. ಬಸ್ಸಿನಲ್ಲಿ ನಾನು ಹೊಸ ಬೇರಿಂಗಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ತೂರಿಸಿ ಮೆಲ್ಲಗೆ ತಿರುಗಿಸುತ್ತಲೇ ಬಂದೆ. ಅದು ಸದ್ದೇ ಇಲ್ಲದೆ ತಿರುಗುತ್ತಿತ್ತು.

ಹೊಸ ಬೇರಿಂಗನ್ನು ಬಡಿದು ಕೂರಿಸಬಾರದು ಎಂದು ಮಾವ ಹೇಳಿದರು. “ಗೇರಿನ ಡಬ್ಬಕ್ಕೆ ಜ್ವರ ಬರಬೇಕು, ಬೇರಿಂಗಿಗೆ ಚಳಿ ಹಿಡಿಯಬೇಕು. ಜ್ವರ ಬಂದದ್ದು ಹಿಗ್ಗುತ್ತದೆ, ಚಳಿ ಹಿಡಿದದ್ದು ಕುಗ್ಗುತ್ತದೆ. ಆಗ ತಾನಾಗಿ ಕೂರುತ್ತದೆ.” ಚಳಿಗೆ ತೊಂದರೆ ಇರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೇರಿಂಗನ್ನು ಮೀನಿನ ಐಸಿನೊಳಗೆ ಹೂತರು. ಜ್ವರಕ್ಕೆ ಏನು ಮಾಡುವುದು? ಮಾವ ಅಡುಗೆಮನೆಗೆ ನುಗ್ಗಿ ಕಡುಬು ಬೇಯಿಸುವ ತೊಂದುರನ್ನು ಎತ್ತಿಕೊಂಡು ಬಂದರು. ಅಜ್ಜಿ ಹೌಹಾರಿದಳು.

“ಅಯ್ಯೋ, ಅಷ್ಟಮಿಗೆ ಮೂಡೆ ಬೇಯಿಸುವ ಪಾತ್ರೆ ಅದು! ಎಣ್ಣೆಗ್ರೀಸು ಹತ್ತಿದರೆ ಮತ್ತೆ ಎಂತ ಮಾಡುವುದು? ಗಿರಿಜ ಬಂದರೆ ನಿಮ್ಮಿಬ್ಬರನ್ನೂ ಅದರಲ್ಲೇ ಬೇಯಿಸುತ್ತಾಳೆ!”

ಬಚ್ಚಲ ಒಲೆಯ ಮೇಲೆ ತೊಂದುರು ಏರಿತು. ಚೆನ್ನಾಗಿ ತೊಳೆದ ಗೇರ್ ಬಾಕ್ಸಿನ ಖಾಲಿ ಡಬ್ಬವನ್ನು ಕಡುಬಿನ ಜಾಗದಲ್ಲಿ ಇಟ್ಟು ಮುಚ್ಚಿದರು. ಇಬ್ಬರಿಗೂ ತಾಳ್ಮೆ ಇರಲಿಲ್ಲ. ಅಪ್ಪ ಮುಚ್ಚಳ ತೆಗೆದು ನೋಡುವುದು, ಮಾವ ತೆಗೆದು ಮುಟ್ಟಿ ನೋಡುವುದು. ಆಯಿತು ಎಂದು ಚಿಂದಿ ಬಟ್ಟೆಯಲ್ಲಿ ಹಿಡಿದು ಹೊರತೆಗೆದು ಬೇರಿಂಗ್ ಬಿಟ್ಟರೆ ಅದು ಅರ್ಧಕ್ಕೆ ಹೋಗಿ ಓರೆಯಾಗಿ ನಿಂತುಬಿಟ್ಟಿತು. ಮಾವ ಸುತ್ತಿಗೆಗೆ ಕೈ ಹಾಕಿದರು.

“ಬಡಿಯಬೇಡಿ ಭಾವ. ಡಬ್ಬ ಸೀಳುತ್ತದೆ.”

“ಒಂದು ಪೆಟ್ಟು. ಮೆಲ್ಲಗೆ.”

“ಬೇಡ ಅಂತ ಹೇಳಿದೆನಲ್ಲ!”

ಅಪ್ಪ ಮಾವನ ಮಣಿಕಟ್ಟು ಹಿಡಿದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಎಲ್ಲ ಮತ್ತೆ ಮೊದಲಿನಂತಾಯಿತು ಎಂದುಕೊಂಡೆ. ಅಷ್ಟರಲ್ಲಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಮ್ಮ ಹಿತ್ತಲಿಗೆ ಬಂದಳು. ಸುತ್ತಿಗೆ ನೋಡಿದಳು, ತನ್ನ ತೊಂದುರು ನೋಡಿದಳು. 'ನನ್ನ ಪಾತ್ರೆ' ಎನ್ನುತ್ತಾಳೆಂದು ನಾವೆಲ್ಲ ಕಾದೆವು. ಅವಳು ಬಗ್ಗಿ ಒಳಗೆ ಇಣುಕಿದಳು.

“ನೀರು ಬತ್ತಿದೆ. ಹಬೆ ಕಟ್ಟುವ ಮೊದಲೇ ಮುಚ್ಚಳ ತೆಗೆದಿರಾ?”

ಅಪ್ಪ ಮಾವನ ಮಣಿಕಟ್ಟು ಬಿಟ್ಟರು.

“ಎಷ್ಟು ಸಲ ತೆಗೆದಿರಿ?”

“ನೋಡಬೇಡವಾ ಮತ್ತೆ?” ಎಂದರು ಅಪ್ಪ.

“ಕಡುಬು ಬೇಯಿಸುವಾಗ ಮುಚ್ಚಳ ತೆಗೆದು ತೆಗೆದು ನೋಡುವವರು ಉಂಟಾ? ಸರಿಯಿರಿ ಆಚೆ.”

ಅಮ್ಮ ನೀರು ಹೊಯ್ದಳು, ತೆಂಗಿನ ಗರಿ ತುರುಕಿ ಉರಿ ಏರಿಸಿದಳು. ಓರೆಯಾದ ಬೇರಿಂಗ್ ಸಮೇತ ಡಬ್ಬವನ್ನು ಬೋರಲಾಗಿ ಇಟ್ಟು ಮುಚ್ಚಿ, ಮುಚ್ಚಳದ ಅಂಚಿಗೆ ಒದ್ದೆ ಬಟ್ಟೆ ಸುತ್ತಿದಳು. ಹಬೆ ಬಲವಾದಾಗ ಬೇರಿಂಗ್ ತಾನಾಗಿ ಕಳಚಿ ಒಳಗೆ ಬಿದ್ದದ್ದು ಕೇಳಿಸಿತು. ಅದನ್ನು ತೆಗೆದು ಮತ್ತೆ ಐಸಿಗೆ ಹಾಕಿಸಿದಳು. ಡಬ್ಬವನ್ನು ಮತ್ತೆ ಬೇಯಿಸಿದಳು. ಮೂವರೂ ಒಲೆಯ ಮುಂದೆ ಕುಳಿತರು. ಅಪ್ಪನ ಕಾಲು ಅಲುಗುತ್ತಿತ್ತು, ಮಾವ ಬೆರಳಿನ ನೆಟಿಗೆ ಮುರಿಯುತ್ತಿದ್ದರು. ಅಮ್ಮ ಇಬ್ಬರ ಕೈಗೂ ಮುಚ್ಚಳ ಕೊಡಲಿಲ್ಲ. ಕೊನೆಗೆ ಅವಳೇ “ಈಗ” ಎಂದಳು. ಅಪ್ಪ ಡಬ್ಬ ಎತ್ತಿ ಹಲಗೆಯ ಮೇಲಿಟ್ಟರು. ಮಾವ ಐಸಿನಿಂದ ಬೇರಿಂಗ್ ತೆಗೆದು, ಒರೆಸಿ, ಎರಡು ಬೆರಳಲ್ಲಿ ನೇರ ಹಿಡಿದು ಬಿಟ್ಟರು. ‘ಟಕ್’ ಎಂದು ಅದು ತನ್ನ ಜಾಗದಲ್ಲಿ ಕುಳಿತಿತು. ಮಾವನಿಗೆ ಅದು ಕೇಳಿರಲಾರದು. ಆದರೆ ನಾವು ನಕ್ಕದ್ದು ನೋಡಿ ಅವರೂ ನಕ್ಕರು. ಇನ್ನೊಂದು ಬೇರಿಂಗನ್ನೂ ಹಾಗೆಯೇ ಇಳಿಸಿದರು. ಯಾರದೋ ಮದುವೆ ಕಾಗದದ ದಪ್ಪ ರಟ್ಟಿನಿಂದ, ಡಬ್ಬದ ಮುಚ್ಚಳದ ಸಂದಿಯಲ್ಲಿ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗ್ ಕತ್ತರಿಸಿದರು. ಮೀನಿನ ನೀರು ಚೈನಿನ ಮೇಲೆ ಬೀಳದಂತೆ ಪೆಟ್ಟಿಗೆಯ ಕೆಳಗೆ ತಗಡಿನ ತಟ್ಟೆ ಕಟ್ಟಿ, ನಳಿಗೆ ಇಟ್ಟು ನೀರನ್ನು ಹಿಂದಕ್ಕೆ ಹರಿಸಿದರು.

ಬೈಕು ಜೋಡಿಸಿ ಮುಗಿದ ಸಂಜೆ ಅಪ್ಪ ಪಡುಬಿದ್ರಿಯವರೆಗೆ ಹೋಗಿ ಬಂದರು. ಓಣಿಗೆ ತಿರುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಅಂಗಳಕ್ಕೆ ಬಂದ ಮೇಲೆ ಇಂಜಿನ್ನಿನ ಸದ್ದು ಮಾತ್ರ ಕೇಳಿತು. ಆ ದಿನ ಮಾವ ಮತ್ತು ಅಪ್ಪ ಒಟ್ಟಿಗೆ ಊಟಕ್ಕೆ ಕುಳಿತರು. ಅಮ್ಮ ಬಡಿಸುತ್ತಿದ್ದಳು.

“ನಾಳೆಯಿಂದ ನಾನು ಹೋಗುತ್ತೇನೆ” ಎಂದರು ಅಪ್ಪ. “ನಿನಗೆ ಇನ್ನು ಬಸ್ಸಿನ ರಗಳೆ ಇಲ್ಲ.”

“ನೀವು ಕಾರ್ಕಳಕ್ಕೆ ಹೋಗಿ. ನಾನು ಮಣಿಪಾಲಕ್ಕೆ ಹೋಗುತ್ತೇನೆ.”

“ಯಾಕೆ? ಗಾಡಿ ಸರಿಯಾಯಿತಲ್ಲ.”

“ಗಾಡಿ ಕೆಟ್ಟಿತು ಅಂತ ನಾನು ಹೋದದ್ದು ಹೌದು” ಎಂದಳು ಅಮ್ಮ. “ಈಗ ಹೋಗುವುದು ಅದಕ್ಕಲ್ಲ.”

ಅಪ್ಪನ ಕೈ ಬಟ್ಟಲಿನಲ್ಲೇ ನಿಂತಿತು. ಮಾವ ಒಬ್ಬೊಬ್ಬರ ಮುಖ ನೋಡಿ, “ಎಂತ ಹೇಳಿದ್ದು ಅವಳು?” ಎಂದು ನನ್ನನ್ನು ಕೇಳಿದರು. ಅವರು ಹಾಗೆ ಕೇಳಿದ್ದು ಅದೇ ಮೊದಲು. ನಾನು ಗಟ್ಟಿಯಾಗಿ ಹೇಳಿದೆ. ಮಾವ ಗಂಜಿ ಕಲಸಿದರು. “ಬೋಟು ಬಿಟ್ಟ ಮೇಲೆ ನನಗೂ ಮನೆಯಲ್ಲಿ ಕೂರಲಿಕ್ಕೆ ಆಗಲಿಲ್ಲ. ಹೋಗಲಿ ಮಾರಾಯ” ಎಂದರು. ಅಪ್ಪ ಮತ್ತೆ ಉಣ್ಣತೊಡಗಿದರು. ಒಪ್ಪಿದರೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅಮ್ಮ ಅವರಿಗೆ ಇನ್ನೊಂದು ಬಂಗುಡೆ ಬಡಿಸಿದಳು.

ರಜೆ ಮುಗಿಯುವ ಮೊದಲು ಒಂದು ದಿನ ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಮಣಿಪಾಲದ ಏರು ರಸ್ತೆಗಳಲ್ಲಿ ಬುಟ್ಟಿ ಹೊತ್ತು ನಡೆಯುವ ಅಮ್ಮನ ಹಿಂದೆ ನಾನು ಓಡಬೇಕಾಯಿತು. ಎಲ್ಲಿಂದಲೋ ಬಂದು ನೆಲೆಸಿದ ಹೆಂಗಸರೊಡನೆ ಅವಳು ಅರ್ಧ ಕನ್ನಡ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ಮಾತನಾಡುತ್ತಿದ್ದಳು. ‘ಬಂಗುಡೆ ಫ್ರೆಶ್, ಎರ್ಮಾಳ್ ಬಂಗುಡೆ’ ಎನ್ನುತ್ತಿದ್ದಳು. ಒಬ್ಬರ ಬಾಗಿಲಲ್ಲಿ ಏನೋ ಕೇಳಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಮ್ಮ ಮನೆಯಲ್ಲಿ ಅವಳ ಹಲ್ಲು ಅಷ್ಟು ಕಂಡದ್ದನ್ನು ನಾನು ನೋಡಿರಲಿಲ್ಲ. ಅವಳು ಕೂಗುತ್ತಿರಲಿಲ್ಲ, ಪಿಸುಗುಟ್ಟುತ್ತಲೂ ಇರಲಿಲ್ಲ. ಇದು ಅಮ್ಮನ ನಿಜವಾದ ದನಿ ಇರಬೇಕು ಎಂದು ನನಗೆ ಅನಿಸಿತು. ಆ ದನಿ ಕೇಳಿ ಯಾಕೋ ನನಗೆ ಹೆದರಿಕೆಯೂ ಆಯಿತು, ಅಮ್ಮ ಸ್ವಲ್ಪ ದೂರ ಹೋದ ಹಾಗೆ.

ಬುಟ್ಟಿ ಖಾಲಿಯಾದ ಮೇಲೆ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು. ಬುಟ್ಟಿಯನ್ನು ಹೊರಗೆ ಗೋಡೆಗೆ ಒರಗಿಸಿ ಅಮ್ಮ ಒಳಗಿನ ಬೆಂಚಿನಲ್ಲಿ ಬೆನ್ನು ಚಾಚಿ ಕುಳಿತಳು. ಹೋಟೆಲಿನವರು ಕೇಳದೆಯೇ ಅವಳ ಮುಂದೆ ಚಹಾ ತಂದಿಟ್ಟರು. ನನಗೆ ಗೋಳಿಬಜೆ. ಕಾಲೇಜಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ರಸ್ತೆ ದಾಟುತ್ತಿದ್ದರು. ಅಮ್ಮ ಅವರನ್ನೇ ನೋಡುತ್ತ ಗುಟುಕು ಗುಟುಕಾಗಿ ಚಹಾ ಕುಡಿದಳು. ಅಷ್ಟರಲ್ಲಿ ಉಡುಪಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಕೂಗತೊಡಗಿದ. ನಾನು ಗಡಬಡಿಸಿ ಎದ್ದೆ, ಬುಟ್ಟಿ ತರಲು ಓಡಿದೆ, ತಿರುಗಿ ನೋಡಿದೆ. ಅಮ್ಮ ಎದ್ದಿರಲಿಲ್ಲ.

“ಬಸ್ಸು ಬಂತಮ್ಮಾ!”

“ಬರಲಿ” ಎಂದಳು. “ಕೂತುಕೋ. ಇನ್ನೊಂದು ಉಂಟು.”